ಪುಡಿ ಜೊತೆ ಒಂದು ಚೀಟಿ

ಆಲ್ದೂರಿನ ಹತ್ತಿರ ನಮ್ಮದೊಂದು ಸಣ್ಣ ತೋಟ. ಸ್ವಲ್ಪ ಅರೇಬಿಕಾ, ಸ್ವಲ್ಪ ರೋಬಸ್ಟಾ, ಮರಗಳಿಗೆ ಹಬ್ಬಿಸಿದ ಮೆಣಸು. ಬೆಳೆದ ಕಾಫಿಯಲ್ಲಿ ಒಂದು ಪಾಲನ್ನು ನಾವೇ ಹುರಿದು, ಪುಡಿ ಮಾಡಿ, ಅಂಚೆಯಲ್ಲಿ ಕಳಿಸಿ ಮಾರುತ್ತೇವೆ. ಆರ್ಡರ್ ಬರುವುದು ವಾಟ್ಸಾಪ್‌ನಲ್ಲಿ, ದುಡ್ಡು ಬರುವುದು ಯುಪಿಐನಲ್ಲಿ. ಇದರಲ್ಲಿ ಹೊಸದೇನೂ ಇಲ್ಲ. ಚಿಕ್ಕಮಗಳೂರಿನ ಸುತ್ತಮುತ್ತ ಈಗ ಯಾವ ಊರಿಗೆ ಹೋದರೂ ಈ ಕೆಲಸ ಮಾಡುವ ಒಬ್ಬರಾದರೂ ಸಿಗುತ್ತಾರೆ. ನಮ್ಮ ಪ್ಯಾಕೆಟ್ ಒಡೆದರೆ ಮಾತ್ರ ಪುಡಿಯ ಜೊತೆ ಅರ್ಧ ಹಾಳೆಯ ಒಂದು ಚೀಟಿ ಇರುತ್ತದೆ. ಅದರಲ್ಲಿ ನಮ್ಮ ಕಾಫಿಯ ಹೊಗಳಿಕೆ ಇರುವುದಿಲ್ಲ. ಆ ವಾರದ ಯಾವುದೋ ಸುದ್ದಿ ಹಿಡಿದುಕೊಂಡು ಹೊರಟ ಒಂದು ಹಳೇ ವಿಚಾರ ಇರುತ್ತದೆ, ಅಷ್ಟೇ.

‘ಪುಡಿ ಚೆನ್ನಾಗಿತ್ತು’ ಅಂತ ಮೆಸೇಜ್ ಮಾಡುವವರಿಗಿಂತ ‘ಈ ಸಲ ಚೀಟಿ ಇರಲಿಲ್ಲವಲ್ಲ’ ಅಂತ ಕೇಳುವವರೇ ಜಾಸ್ತಿ. ಮೊದಮೊದಲು ಇದಕ್ಕೆ ಬೇಜಾರಾಗುತ್ತಿತ್ತು. ಇಷ್ಟು ಕಷ್ಟಪಟ್ಟು ಹುರಿದದ್ದನ್ನು ಬಿಟ್ಟು ಕಾಗದ ಕೇಳುತ್ತಾರಲ್ಲ ಅಂತ. ಈಗ ಅದೇ ನಮ್ಮ ವ್ಯಾಪಾರದ ಬೇರು ಅಂತ ಗೊತ್ತಾಗಿದೆ. ಇದನ್ನು ಹೇಗೆ ನಡೆಸಿಕೊಂಡು ಬಂದೆ ಅಂತ ಸುಮಾರು ಜನ ಕೇಳಿದ್ದಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಶುರುವಿನಲ್ಲಿ ನಾವೂ ಒಂದು ದೊಡ್ಡ ಆನ್‌ಲೈನ್ ಮಾರಾಟ ತಾಣದಲ್ಲಿ ಇದ್ದೆವು. ಕಮಿಷನ್ ಹೋಗುತ್ತಿತ್ತು, ಜಾಹೀರಾತಿಗೆ ದುಡ್ಡು ಹೋಗುತ್ತಿತ್ತು. ಅದನ್ನಾದರೂ ಸಹಿಸಬಹುದು. ಆದರೆ ಕೊಂಡವರು ಯಾರು ಅಂತಲೇ ನಮಗೆ ಗೊತ್ತಾಗುತ್ತಿರಲಿಲ್ಲ. ಹತ್ತಾರು ಪ್ಯಾಕೆಟ್‌ಗಳ ಸಾಲಿನಲ್ಲಿ ನಮ್ಮದೂ ಒಂದು, ಎಲ್ಲದರ ಮೇಲೂ ಅದೇ ‘ಅಪ್ಪಟ’, ಅದೇ ‘ಘಮಘಮ’. ಅಲ್ಲಿಂದ ಹೊರಗೆ ಬಂದು ನೇರವಾಗಿ ಮಾರಲು ಹೊರಟಾಗ ಇನ್ನೊಂದು ಪ್ರಶ್ನೆ ಎದ್ದಿತು. ಒಂದು ಸಲ ತರಿಸಿಕೊಂಡವರು ಎರಡನೇ ಸಲ ನಮ್ಮನ್ನು ಯಾಕೆ ನೆನಪಿಟ್ಟುಕೊಳ್ಳಬೇಕು? ಕಾಫಿ ಪುಡಿ ಅವರ ಬೀದಿಯಲ್ಲೇ ಸಿಗುತ್ತದೆ, ನಮ್ಮದಕ್ಕಿಂತ ಅಗ್ಗಕ್ಕೆ. ಆಗ ಹೊಳೆದದ್ದು ಈ ಚೀಟಿ.

ನಾನು ಚೀಟಿ ಅಚ್ಚು ಹಾಕಿಸುತ್ತೇನೆ ಅಂದಾಗ ನಮ್ಮ ಮಾವ ನಕ್ಕುಬಿಟ್ಟರು. "ಅಲ್ಲ ಕಣಮ್ಮ, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಯ್ತು."

"ಒಂದು ವರ್ಷ ನೋಡೋಣ ಮಾವ," ಅಂದೆ.

ತಮಾಷೆ ಅಂದರೆ, ಬರೆಯುವ ಅಭ್ಯಾಸವನ್ನು ನಾನು ಕಲಿತದ್ದು ಮಾವನಿಂದಲೇ. ಅವರು ಮಳೆ ಪುಸ್ತಕ ಬರೆಯುತ್ತಾರೆ. ತೋಟದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಅಂಗಳದ ಮೂಲೆಯಲ್ಲಿ ಮಳೆ ಅಳೆಯುವ ಡಬ್ಬಿ. ಬೆಳಿಗ್ಗೆ ಎದ್ದು ಅದರ ನೀರನ್ನು ಅಳತೆ ಗಾಜಿಗೆ ಸುರಿದು ನೋಡಿ, ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆಯುವುದು. ದೇಶವೆಲ್ಲ ಮಿಲಿಮೀಟರ್‌ಗೆ ಹೋಗಿ ಎಷ್ಟೋ ಕಾಲವಾಯಿತು, ಕಾಫಿಯವರು ಮಾತ್ರ ಇಂಚು ಬಿಟ್ಟಿಲ್ಲ. ಮಾವನ ಒಂದು ಸಾಲು ಹೀಗಿರುತ್ತದೆ: ‘1.20. ಹೂ ಮಳೆ, ಸಾಕು. ಆಳು 4. ಮೆಣಸು ಕುಯ್ಲು.’ ಹೂ ಮಳೆ ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ. ಮಳೆ ಬಾರದ ದಿನವೂ ಪುಸ್ತಕ ತೆಗೆಯುತ್ತಾರೆ. ತಾರೀಕು ಹಾಕಿ ‘ಇಲ್ಲ’ ಅಂತ ಬರೆದು ಮುಚ್ಚಿಡುತ್ತಾರೆ.

ಆ ‘ಇಲ್ಲ’ ನನಗೆ ತುಂಬಾ ಉಪಯೋಗಕ್ಕೆ ಬಂತು. ನಾನೂ ಒಂದು ಉದ್ದ ನೋಟ್‌ಬುಕ್ ಇಟ್ಟುಕೊಂಡೆ. ಎಡಗಡೆ ಪುಟದಲ್ಲಿ ಅವತ್ತಿನ ಸುದ್ದಿ, ಒಂದೇ ಸಾಲು. ಬಲಗಡೆ ಪುಟದಲ್ಲಿ ಓದುವಾಗ, ಕೇಳುವಾಗ ಸಿಕ್ಕ ಹಳೇ ಸಂಗತಿ, ಒಂದೇ ಸಾಲು. ಏನೂ ಸಿಗದ ದಿನ ‘ಇಲ್ಲ’. ಎರಡು ಪುಟಕ್ಕೂ ಸಂಬಂಧ ಇರಬೇಕು ಅಂತೇನಿಲ್ಲ. ವಾರದ ಕೊನೆಗೆ ಎಡಗಡೆಯ ಒಂದು ಸಾಲು ಬಲಗಡೆಯ ಒಂದು ಸಾಲಿಗೆ ತಾನಾಗಿಯೇ ಹೊಂದಿಕೊಳ್ಳುತ್ತದೆ. ಕೆಲವು ಸಲ ಬಲಗಡೆಯದು ಆರು ತಿಂಗಳು ಸುಮ್ನೆ ಕೂತಿದ್ದು ಆಮೇಲೆ ಕೆಲಸಕ್ಕೆ ಬರುತ್ತದೆ. ಸ್ಫೂರ್ತಿ ಬರಲಿ, ಆಮೇಲೆ ಬರೆಯೋಣ ಅನ್ನುವವರ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಪ್ಯಾಕೆಟ್ ಶುಕ್ರವಾರ ಅಂಚೆಗೆ ಹೋಗಲೇಬೇಕು. ಅದಕ್ಕಿಂತ ದೊಡ್ಡ ಸ್ಫೂರ್ತಿ ನನಗಂತೂ ಗೊತ್ತಿಲ್ಲ.

ವಾರದ ಕ್ರಮ ಹೀಗಿದೆ. ಮಂಗಳವಾರ ಸಂಜೆಗೆ ಆರ್ಡರ್ ಮುಗಿಸುತ್ತೇವೆ. ಬುಧವಾರ ಹುರಿಯುವುದು, ಗುರುವಾರ ಪುಡಿ ಮಾಡಿ ತುಂಬುವುದು, ಶುಕ್ರವಾರ ಅಂಚೆ. ಚೀಟಿ ಬರೆಯುವುದು ಬುಧವಾರ, ಹುರಿಯುವ ಕೋಣೆಯಲ್ಲೇ.

ಹುರಿಯುವಾಗ ಮಾತ್ರ ಬರೆಯಲು ಆಗುವುದಿಲ್ಲ. ನಮ್ಮದು ಸಣ್ಣ ಡ್ರಮ್ ರೋಸ್ಟರ್. ಬೀಜ ಹಾಕಿದ ಮೇಲೆ ಮೊದಲು ಹಸಿ ಹುಲ್ಲಿನ ವಾಸನೆ ಬರುತ್ತದೆ. ಬಣ್ಣ ಹಳದಿಗೆ ತಿರುಗಿದಾಗ ಬ್ರೆಡ್ ಸುಡುವ ವಾಸನೆ. ಆಮೇಲೆ ಬೀಜ ಚಟಪಟ ಸಿಡಿಯಲು ಶುರು ಮಾಡುತ್ತದೆ. ಆ ಸದ್ದು ಶುರುವಾದ ಮೇಲೆ ಕಿವಿ, ಮೂಗು ಎರಡೂ ಅಲ್ಲೇ ಇರಬೇಕು, ಅರ್ಧ ನಿಮಿಷ ಆಚೀಚೆ ಆದರೂ ರುಚಿ ಬೇರೆ. ಬೀಜ ತಟ್ಟೆಗೆ ಸುರಿದು, ಫ್ಯಾನ್ ಹಾಕಿ ಆರಿಸುವಾಗ ಮಾತ್ರ ಬಿಡುವು. ಮುಂದಿನ ಬ್ಯಾಚ್ ಹಾಕುವ ತನಕ ಸ್ವಲ್ಪ ಹೊತ್ತು. ಆಗ ನಾಲ್ಕೈದು ವಾಕ್ಯ ಬರೆಯುತ್ತೇನೆ. ಸಮಯ ಕಮ್ಮಿ ಇರುವುದರಿಂದ ಪೀಠಿಕೆ ಹಾಕಲು ಪುರಸೊತ್ತೇ ಇರುವುದಿಲ್ಲ, ನೇರ ವಿಷಯಕ್ಕೆ ಬರುತ್ತೇನೆ. ಇಡೀ ದಿನ ಬಿಡುವಿದ್ದ ದಿನಗಳಲ್ಲಿ ಬರೆದ ಚೀಟಿಗಳೇ ಉದ್ದುದ್ದವಾಗಿ, ನೀರು ಬೆರೆಸಿದ ಡಿಕಾಕ್ಷನ್ ಥರ ಆಗಿವೆ.

2025ರ ಆಗಸ್ಟ್‌ನಲ್ಲಿ ಅಮೆರಿಕ ಬ್ರೆಜಿಲ್‌ನ ಸರಕಿಗೆ 50% ಸುಂಕ ಹಾಕಿತಲ್ಲ, ಕಾಫಿಯೂ ಅದರಲ್ಲಿ ಸೇರಿತ್ತು. ಎಡಗಡೆ ಪುಟದಲ್ಲಿ ಅದನ್ನು ಬರೆದುಕೊಂಡೆ. ಬಲಗಡೆ ಬಹಳ ದಿನದಿಂದ ಈಗಿನ ಜರ್ಮನಿಯ ಕಡೆಯ ಪ್ರಷ್ಯದ ದೊರೆ ಎರಡನೇ ಫ್ರೆಡರಿಕ್ ಕಾಯುತ್ತಿದ್ದ. ಕಾಫಿಗಾಗಿ ದೇಶದ ದುಡ್ಡು ಹೊರಗೆ ಹೋಗುತ್ತಿದೆ ಅನ್ನುವುದು ಅವನ ಸಂಕಟ. 1777ರಲ್ಲಿ ಜನ ಕಾಫಿ ಬಿಟ್ಟು ಬಿಯರ್ ಕುಡಿಯಲಿ ಅಂತ ಆದೇಶ ಹೊರಡಿಸಿದ. 1781ರಲ್ಲಿ ಕಾಫಿ ಹುರಿಯುವ ಹಕ್ಕು ಸರ್ಕಾರದ್ದು ಅಂತ ಮಾಡಿದ. ಕದ್ದು ಹುರಿಯುವವರನ್ನು ಹಿಡಿಯಲು ಯುದ್ಧದಲ್ಲಿ ಗಾಯಗೊಂಡು ಮನೆಗೆ ಬಂದಿದ್ದ ಸೈನಿಕರನ್ನು ನೇಮಿಸಿದ. ಬೀದಿ ಬೀದಿ ಸುತ್ತಿ ವಾಸನೆ ಹಿಡಿಯುವುದೇ ಅವರ ಕೆಲಸ. ಚೀಟಿಯ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಅವರಲ್ಲೊಬ್ಬ ಬುಧವಾರ ಆಲ್ದೂರು ರಸ್ತೆಯಲ್ಲಿ ಬಂದಿದ್ದರೆ ನಾವು ಖಂಡಿತ ಸಿಕ್ಕಿಬೀಳುತ್ತಿದ್ದೆವು. 2025ರದೇ ನವೆಂಬರ್‌ನಲ್ಲಿ ಅಮೆರಿಕ ಕಾಫಿಯ ಮೇಲಿನ ಆ ಸುಂಕ ತೆಗೆಯಿತು. ಒಬ್ಬರು ಗಿರಾಕಿ ಅವತ್ತೇ ಮೆಸೇಜ್ ಮಾಡಿದರು: "ಮೇಡಂ, ಮೂಗಿನವರಿಗೆ ಕೆಲಸ ಹೋಯ್ತು!"

ಇಂಥ ಚೀಟಿ ಬರೆಯುವುದು ಸುಲಭ. ಕಷ್ಟವಾದದ್ದು ಬೆಲೆ ಏರಿಸಿದಾಗ.

2024ರ ಕೊನೆಯಿಂದ ಕಾಫಿ ಬೆಲೆ ಹೇಗೆ ಏರಿತು ಅಂತ ತೋಟದವರಿಗೆಲ್ಲ ಗೊತ್ತು. ಬೆಳೆಯುವವರಾಗಿ ನಮಗೆ ಖುಷಿಯೇ. ಪುಡಿ ಮಾರುವವರಾಗಿ ತಲೆನೋವು. ಪಾರ್ಚ್‌ಮೆಂಟನ್ನು, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜವನ್ನು, ಹಾಗೇ ವ್ಯಾಪಾರಿಗೆ ಕೊಟ್ಟರೆ ಕೈತುಂಬ ದುಡ್ಡು ಬರುವಾಗ, ಅದನ್ನು ಹುರಿದು, ಪುಡಿ ಮಾಡಿ, ಹಳೇ ಬೆಲೆಗೆ ಮಾರುವುದು ಯಾವ ಲೆಕ್ಕಕ್ಕೂ ಕೂರುವುದಿಲ್ಲ. ಬೆಲೆ ಏರಿಸಲೇಬೇಕಿತ್ತು. ‘ಅನಿವಾರ್ಯ ಕಾರಣಗಳಿಂದ’ ಅಂತ ಒಂದು ಸಾಲು ಕಳಿಸುವುದು ವ್ಯಾಪಾರಿಗಳ ರೂಢಿ. ನಾನು ಆ ವಾರದ ಚೀಟಿಯನ್ನೇ ಅದಕ್ಕೆ ಬಳಸಿದೆ.

ಬರೆದದ್ದು 1975ರ ಜುಲೈ ಬಗ್ಗೆ. ಬ್ರೆಜಿಲ್‌ನ ಪರಾನಾ ಪ್ರಾಂತ್ಯದಲ್ಲಿ ಆ ತಿಂಗಳು ಒಂದು ಹಿಮ ಬಿತ್ತು. ಅಲ್ಲಿ ಜುಲೈ ಅಂದರೆ ಚಳಿಗಾಲ. ಸಾಮಾನ್ಯ ಹಿಮವಾದರೆ ಎಲೆ ಸುಟ್ಟು ಮತ್ತೆ ಚಿಗುರುತ್ತದೆ. ಇದು ಗಿಡದ ಒಳಗನ್ನೇ ಕೊಂದಿತು, ಕೋಟಿಗಟ್ಟಲೆ ಗಿಡ ಕಪ್ಪಾಗಿ ನಿಂತವು. ಅಲ್ಲಿಯವರು ಅದನ್ನು ಕರಿ ಹಿಮ ಅನ್ನುತ್ತಾರೆ. ಕಾಫಿ ಗಿಡ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ ಬೇಕು, ಹಾಗಾಗಿ ಪೆಟ್ಟು ಒಂದೇ ವರ್ಷಕ್ಕೆ ಮುಗಿಯಲಿಲ್ಲ. 1977ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಒಂದು ಪೌಂಡಿಗೆ 3 ಡಾಲರ್ ದಾಟಿತು. ಆ ದಾಖಲೆ 47 ವರ್ಷ ಹಾಗೇ ಉಳಿದಿತ್ತು. ಮುರಿದದ್ದು 2024ರ ಡಿಸೆಂಬರ್‌ನಲ್ಲಿ. 2025ರ ಫೆಬ್ರವರಿಯಲ್ಲಿ 4 ಡಾಲರ್ ಕೂಡ ದಾಟಿತು. ಈ ಸಲ ಕಾರಣ ಹಿಮಕ್ಕಿಂತ ಹೆಚ್ಚಾಗಿ ಬರ. ಬ್ರೆಜಿಲ್‌ನಲ್ಲೂ ಮಳೆ ಇಲ್ಲ, ರೋಬಸ್ಟಾ ಬೆಳೆಯುವ ವಿಯೆಟ್ನಾಂನಲ್ಲೂ ಇಲ್ಲ. ಇಷ್ಟು ಬರೆದು, ಕೆಳಗೆ ನಮ್ಮ ಹಳೇ ಬೆಲೆ, ಹೊಸ ಬೆಲೆ ಎರಡನ್ನೂ ಹಾಕಿದೆ. ಅದರ ಕೆಳಗೆ ಬೀಜಕ್ಕೆಷ್ಟು, ಚಿಕೋರಿಗೆಷ್ಟು, ಪ್ಯಾಕೆಟ್‌ಗೆಷ್ಟು, ಅಂಚೆಗೆಷ್ಟು ಅನ್ನುವ ಲೆಕ್ಕ. ‘ಕ್ಷಮಿಸಿ’ ಅಂತ ಬರೆಯಲಿಲ್ಲ. ತೋಟದವರು ಬೆಲೆ ಬಂದದ್ದಕ್ಕೆ ಯಾಕೆ ಕ್ಷಮೆ ಕೇಳಬೇಕು?

ಕೆಲವರು ಬಿಟ್ಟರು. ಕೆಲವರು ಚಿಕೋರಿ ಜಾಸ್ತಿ ಇರುವ ಪುಡಿಗೆ ಇಳಿದರು. ಉಳಿದವರು ಮಾತಾಡದೆ ಹೊಸ ಬೆಲೆ ಕಳಿಸಿದರು. ಹಿಮದ ಬಗ್ಗೆ ಪ್ರಶ್ನೆ ಕೇಳಿದವರೇ ಜಾಸ್ತಿ, ಬೆಲೆ ಬಗ್ಗೆ ಜಗಳ ಆಡಿದವರು ಕಮ್ಮಿ.

ಸಂಗತಿ ಹುಡುಕುವುದು ಸುಲಭ, ಅದು ನಿಜವೇ ಅಂತ ನೋಡುವುದರಲ್ಲೇ ನನ್ನ ಹೆಚ್ಚಿನ ಹೊತ್ತು ಹೋಗುತ್ತದೆ. ಕಾಫಿ ಬಗ್ಗೆ ಫೋನಿನಲ್ಲಿ ಓಡಾಡುವ ಅರ್ಧಕ್ಕರ್ಧ ಕಥೆಗಳಿಗೆ ಆಧಾರವೇ ಇಲ್ಲ. ಇಥಿಯೋಪಿಯಾದಲ್ಲಿ ಆಡು ಕಾಯುವವನೊಬ್ಬ ಆಡುಗಳು ಕಾಫಿ ಹಣ್ಣು ತಿಂದು ಕುಣಿದದ್ದು ನೋಡಿದ ಅನ್ನುವ ಕಥೆ ಎಲ್ಲರಿಗೂ ಗೊತ್ತು ಅಲ್ವಾ? ಆಡುಗಳು ಕುಣಿದ ಆ ಕಥೆ ಬರಹದಲ್ಲಿ ಕಾಣುವುದು 1671ರಲ್ಲಿ, ರೋಮ್‌ನಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ. ಯೆಮನ್‌ನ ಸೂಫಿಗಳು ರಾತ್ರಿ ಎಚ್ಚರ ಇರಲು ಕಾಫಿ ಕುಡಿಯಲು ಶುರು ಮಾಡಿ ಆ ಹೊತ್ತಿಗೆ ಸುಮಾರು ಇನ್ನೂರು ವರ್ಷ ಆಗಿತ್ತು. ಹಾಗಾಗಿ ಅದನ್ನು ಕಥೆ ಅಂತಲೇ ಹೇಳಬೇಕು.

ನಮ್ಮದೇ ಸೂಫಿ ಸಂತ ಬಾಬಾಬುಡನ್ ಕಥೆಗೂ ಇದೇ ಅಳತೆ ಹಿಡಿಯಬೇಕಾಯಿತು. 17ನೇ ಶತಮಾನದಲ್ಲಿ ಮೆಕ್ಕಾ ಯಾತ್ರೆಯಿಂದ ಬರುವಾಗ ಯೆಮನ್‌ನ ಮೋಕಾ ಬಂದರಿನಿಂದ ಏಳು ಬೀಜ ತಂದು ಇಲ್ಲಿನ ಗಿರಿಯಲ್ಲಿ ಹಾಕಿದರು ಅನ್ನುವುದು ನಾವೆಲ್ಲ ಕೇಳುತ್ತ ಬೆಳೆದ ಮಾತು. ನಾನು ಅದನ್ನು ‘ಪ್ರತೀತಿ ಇದೆ’ ಅಂತ ಬರೆದೆ. ನಮ್ಮೂರಿನ ಕೆಲವರಿಗೆ ಅದು ಹಿಡಿಸಲಿಲ್ಲ. ಪರವಾಗಿಲ್ಲ. ಗಿರಿಯ ಪೂಜೆ, ಉರುಸ್ ವಿವಾದದ ಸುದ್ದಿ ಮಾತ್ರ ಚೀಟಿಗೆ ತರುವುದಿಲ್ಲ. ಅರ್ಧ ಹಾಳೆಯಲ್ಲಿ ಅದಕ್ಕೆ ನ್ಯಾಯ ಮಾಡಲು ಆಗುವುದಿಲ್ಲ.

ನಮ್ಮ ಜಿಲ್ಲೆಯ ಹಳೇ ಸಂಗತಿ ಹುಡುಕುವವರಿಗೆ ಒಂದು ಮಾತು. 1947ರ ತನಕ ಇದು ಕಡೂರು ಜಿಲ್ಲೆ. ಹಳೇ ಗೆಜೆಟಿಯರ್‌ಗಳಲ್ಲಿ ಚಿಕ್ಕಮಗಳೂರು ಅಂತ ಜಿಲ್ಲೆಯನ್ನು ಹುಡುಕಿದರೆ ಏನೂ ಸಿಗುವುದಿಲ್ಲ, ಕಡೂರು ಅಂತ ಹುಡುಕಬೇಕು. ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟ ಪೂರ್ತಿ ಕಡೂರು ಜಿಲ್ಲೆಯ ಶಾಸನಗಳೇ. 1901ರಲ್ಲಿ ಬಂದದ್ದು, ಈಗ ಅಂತರ್ಜಾಲದಲ್ಲಿ ಪುಕ್ಕಟೆ ಓದಬಹುದು. ಇನ್ನೊಂದು: ಎರಡು ಕಡೆ ಸಿಕ್ಕಿತು ಅಂತ ನಂಬಬಾರದು. ಒಬ್ಬರು ಇನ್ನೊಬ್ಬರದ್ದನ್ನು ನೋಡಿ ಬರೆದಿದ್ದರೆ ಅದು ಒಂದೇ ಲೆಕ್ಕ.

ಕಾಫಿಯ ಹೊರಗೆ ಹೋದ ಚೀಟಿಯೊಂದು ನಮ್ಮ ಪ್ಯಾಕೆಟ್ಟನ್ನೇ ಬದಲಾಯಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಸ್ಥಾನಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ಪತ್ರಿಕೆ ತುಂಬ ಬೇಲೂರು, ಹಳೇಬೀಡು. ನಮ್ಮ ಜಿಲ್ಲೆಯ ಹೆಸರೇ ಇಲ್ಲ ಅಂತ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಹೊಯ್ಸಳರ ಮೂಲ ಊರು ಅನ್ನುವ ಅಂಗಡಿ ಗ್ರಾಮ ಇರುವುದು ಮೂಡಿಗೆರೆ ತಾಲ್ಲೂಕಿನಲ್ಲಿ ತಾನೇ! ಆ ವಾರ ತರೀಕೆರೆ ಕಡೆಯ ಅಮೃತಾಪುರದ ದೇವಸ್ಥಾನದ ಬಗ್ಗೆ ಬರೆದೆ. 1196ರಲ್ಲಿ ಕಟ್ಟಿದ್ದು. ಅಲ್ಲಿ ಕೆಲಸ ಮಾಡಿದ ಶಿಲ್ಪಿಗಳಲ್ಲಿ ಮಲ್ಲಿತಮ್ಮನೂ ಒಬ್ಬ. ಮುಂದೆ ಸೋಮನಾಥಪುರದ ಮೂರ್ತಿಗಳ ಪೀಠದಲ್ಲೂ ಆ ಹೆಸರು ಸಿಗುತ್ತದೆ. ಹೊಯ್ಸಳ ಶಿಲ್ಪಿಗಳು ತಾವು ಕಡೆದ ಮೂರ್ತಿಯ ಕೆಳಗೆ ಹೆಸರು ಕೆತ್ತುತ್ತಿದ್ದರು, ಕೆಲವರು ತಮ್ಮ ಊರನ್ನೂ ಹಾಕುತ್ತಿದ್ದರು. ಬೇಲೂರಿನ ದಾಸೋಜ ತಾನು ಬಳ್ಳಿಗಾವೆಯವನು ಅಂತ ಬರೆದುಕೊಂಡಿದ್ದಾನೆ.

ಅದನ್ನು ಓದಿದ ಮೈಸೂರಿನ ಗಿರಾಕಿಯೊಬ್ಬರು ಫೋನ್ ಮಾಡಿದರು. "ಅಲ್ಲಮ್ಮ, ಕಲ್ಲಿನ ಮೇಲೆ ಹೆಸರಿದೆ, ನಿಮ್ಮ ಪ್ಯಾಕೆಟ್ ಮೇಲೆ ಯಾಕಿಲ್ಲ? ಇದನ್ನು ಹುರಿದವರು ಯಾರು?" ಸರಿ ಅನಿಸಿತು. ಆವತ್ತಿನಿಂದ ಪ್ರತಿ ಪ್ಯಾಕೆಟ್ ಮೇಲೆ ಹುರಿದ ತಾರೀಕು, ಹುರಿದವರ ಹೆಸರು ಪೆನ್ನಿನಲ್ಲಿ ಬರೆಯುತ್ತೇವೆ. ಒಂದೊಂದು ವಾರ ನಾನು, ಒಂದೊಂದು ವಾರ ನಮ್ಮ ಯಜಮಾನರು. ಈಗ ಕೆಲವರು ‘ಯಜಮಾನರ ಕೈಯದ್ದೇ ಕಳಿಸಿ’ ಅನ್ನುತ್ತಾರೆ. ಅವರು ಸ್ವಲ್ಪ ಕಪ್ಪಗೆ ಹುರಿಯುತ್ತಾರೆ. ಮನೆಯಲ್ಲಿ ಇದರಿಂದ ಸಣ್ಣ ಸ್ಪರ್ಧೆಯೂ ಶುರುವಾಗಿದೆ.

ಹೊಸ ಗಿರಾಕಿಗಳನ್ನು ಜಾಸ್ತಿ ತಂದ ಚೀಟಿ ಯಾವುದು ಅಂದರೆ, ಕೇಂಬ್ರಿಜ್‌ನ ಕಾಫಿ ಪಾತ್ರೆಯದ್ದು. 1991ರಲ್ಲಿ ಅಲ್ಲಿನ ಕಂಪ್ಯೂಟರ್ ಪ್ರಯೋಗಾಲಯದವರು ಕಾಫಿ ಉಳಿದಿದೆಯೋ ಇಲ್ಲವೋ ಅಂತ ಕುರ್ಚಿಯಿಂದ ಏಳದೇ ನೋಡಲು ಪಾತ್ರೆಯ ಮುಂದೆ ಒಂದು ಕ್ಯಾಮೆರಾ ಇಟ್ಟರು. 1993ರಲ್ಲಿ ಆ ಚಿತ್ರ ಅಂತರ್ಜಾಲಕ್ಕೆ ಹೋಯಿತು. ಜಗತ್ತಿನ ಮೊದಲ ವೆಬ್‌ಕ್ಯಾಮ್ ನೋಡುತ್ತಿದ್ದದ್ದು ಕಾಫಿಯನ್ನು! 2001ರಲ್ಲಿ ಅದನ್ನು ನಿಲ್ಲಿಸಿದಾಗ ಆ ಹಳೇ ಯಂತ್ರ ಈಬೇಯಲ್ಲಿ ಹರಾಜಾಗಿ 3,350 ಪೌಂಡಿಗೆ ಹೋಯಿತು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಚೀಟಿಯ ಫೋಟೋ ತೆಗೆದು ತಮ್ಮ ಆಫೀಸ್ ಗುಂಪುಗಳಲ್ಲಿ ಹಾಕಿದರು. ಆ ಆಫೀಸ್‌ಗಳಿಂದ ಈಗಲೂ ಆರ್ಡರ್ ಬರುತ್ತದೆ.

ವ್ಯಾಪಾರದ ಒಣ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ನಾವು ಶುರು ಮಾಡಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ ಸಣ್ಣ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಬೇರೆ ರಾಜ್ಯಕ್ಕೆ ಕಳಿಸಬೇಕಾದರೆ ಮಾತ್ರ ವಹಿವಾಟು ಎಷ್ಟೇ ಇರಲಿ, ಜಿಎಸ್‌ಟಿ ನೋಂದಣಿ ಬೇಕು. ಚಿಕೋರಿ ಬೆರೆಸಿದರೆ ಕಾಫಿ ಎಷ್ಟು ಪಾಲು, ಚಿಕೋರಿ ಎಷ್ಟು ಪಾಲು ಅಂತ ಪ್ಯಾಕೆಟ್ ಮೇಲೆ ಕಾಣುವ ಹಾಗೆ ಹಾಕಬೇಕು. ಕಾಫಿ 51%ಕ್ಕಿಂತ ಕಮ್ಮಿ ಇರುವಂತಿಲ್ಲ. ‘ಚಿಕ್ಕಮಗಳೂರು ಅರೇಬಿಕಾ’ಕ್ಕೆ 2019ರಲ್ಲಿ ಜಿಐ, ಅಂದರೆ ಈ ಕಡೆಯದೇ ಬೆಳೆ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ. ಇಲ್ಲಿಯ ತೋಟದವರು ಅನ್ನುವ ಕಾರಣಕ್ಕೆ ಜಿಐ ಗುರುತು ಅಚ್ಚು ಹಾಕಿಸುವಂತಿಲ್ಲ, ಅದಕ್ಕೆ ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಬೇಕು.

ಅಂಚೆಯ ಲೆಕ್ಕ ಚೀಟಿಗೂ ತಾಗುತ್ತದೆ. ಸ್ಪೀಡ್ ಪೋಸ್ಟ್‌ನಲ್ಲಿ 500 ಗ್ರಾಂ ದಾಟಿದರೆ ಮುಂದಿನ ದರ. ಅರ್ಧ ಕೆಜಿ ಪುಡಿ ಹಾಕಿದರೆ ಕವರ್ ತೂಕ ಸೇರಿ ದಾಟಿಯೇ ದಾಟುತ್ತದೆ. ಅದಕ್ಕೇ ನಾವು 200 ಗ್ರಾಂನ ಎರಡು ಪ್ಯಾಕೆಟ್ ಒಟ್ಟಿಗೆ ಕಳಿಸುತ್ತೇವೆ. ಮಾಮೂಲಿ ಎ4 ಹಾಳೆ 5 ಗ್ರಾಂ ತೂಗುತ್ತದೆ, ಅರ್ಧ ಹಾಳೆ ಎರಡೂವರೆ. ದಪ್ಪ ಕಾಗದದ ಮೇಲೆ ಬಣ್ಣದಲ್ಲಿ ಅಚ್ಚು ಹಾಕಿಸಿ ಅಂತ ತುಂಬಾ ಜನ ಹೇಳಿದರು. ನಾನು ಒಪ್ಪಲಿಲ್ಲ. ಜೆರಾಕ್ಸ್ ಅಂಗಡಿಯ ಕಪ್ಪು-ಬಿಳುಪು ಚೀಟಿಯನ್ನು ಜನ ಓದುತ್ತಾರೆ. ಬಣ್ಣದ್ದನ್ನು ಜಾಹೀರಾತು ಅಂತ ಎಸೆಯುತ್ತಾರೆ.

ಅಂಗಡಿಗೆ ಕೊಡುವ ಮುಂಚೆ ಪ್ರತಿ ಚೀಟಿಯನ್ನೂ ಮಾವನಿಗೆ ಜೋರಾಗಿ ಓದಿ ಹೇಳುತ್ತೇನೆ. ಅವರು ‘ಯಾರು?’ ಅಂದರೆ ಆ ಹೆಸರನ್ನು ನಾನು ಸರಿಯಾಗಿ ಪರಿಚಯಿಸಿಲ್ಲ ಅಂತ ಅರ್ಥ. ‘ಆಮೇಲೆ?’ ಅಂದರೆ ಸರಿಯಾಗಿದೆ. ‘ಹ್ಞೂಂ’ ಅಂದರೆ ಕೇಳಿಸಿಕೊಳ್ಳುತ್ತಿಲ್ಲ, ಆ ಭಾಗ ಕತ್ತರಿಸಬೇಕು. ಎಲೆ ತುಕ್ಕು ರೋಗ 1869ರಿಂದ ಸಿಲೋನಿನ ಕಾಫಿಯನ್ನು ನಾಶ ಮಾಡಿ, ಅವರು ಚಹಾಕ್ಕೆ ಹೋದ ಕಥೆ ಓದಿದಾಗ ಮಾತ್ರ ಮಾವನೇ ಎದ್ದು ಕೂತರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾಯಿತು ಅಂತ ನಾನು ಬರೆದಿದ್ದೆ. ಅಲ್ಲಿಂದ ಬಂದ ಎಸ್ 795 ತಳಿಯನ್ನು ತಮ್ಮ ಅಪ್ಪ ತೋಟದ ಯಾವ ಪಟ್ಟಿಯಲ್ಲಿ ನೆಟ್ಟರು, ಬಿಳಿ ಕಾಂಡಕೊರಕ ಹುಳ ಬಂದು ಎಷ್ಟು ಗಿಡ ಹೋಯಿತು ಅಂತ ಅವರು ಹೇಳುತ್ತಾ ಹೋದರು. ಚೀಟಿಯ ಅರ್ಧ ಭಾಗ ತೆಗೆದು ಅದನ್ನೇ ಹಾಕಿದೆ. ಅವರ ಮಳೆ ಪುಸ್ತಕದ ಹಳೇ ಸಾಲುಗಳೂ ಈಗ ಆಗಾಗ ಚೀಟಿಗೆ ಬರುತ್ತವೆ. ‘ಜುಟ್ಟಿನ ಮಲ್ಲಿಗೆ’ ಅಂದವರು ಈಗ ಗುರುವಾರ ಚೀಟಿ ಮಡಚಲು ಕೂರುತ್ತಾರೆ.

ಹೋದ ತಿಂಗಳು ಕಳಸದ ಕಡೆಯ ಒಬ್ಬರು ಫೋನ್ ಮಾಡಿದ್ದರು. ಅವರು ಆನ್‌ಲೈನ್‌ನಲ್ಲಿ ಕಾಳುಮೆಣಸು ಮಾರುತ್ತಾರೆ. "ಅಕ್ಕ, ಕಾಫಿಗಾದರೆ ನೂರು ಕಥೆ ಇವೆ. ಮೆಣಸಿಗೆ ನಾನೇನು ಬರೆಯಲಿ?" ಅಂತ ಕೇಳಿದರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆಯುತ್ತಿದ್ದರು, ಅಲ್ಲಿಂದಲೇ ಶುರು ಮಾಡಿ ಅಂದೆ. ಮೊನ್ನೆ ಮೊದಲ ಚೀಟಿ ಬರೆದು ಕಳಿಸಿದ್ದಾರೆ. ರಾಣಿ ಬರುವುದು ಎರಡನೇ ಪುಟದಲ್ಲಿ. ಮೊದಲ ಪುಟ ಪೂರ್ತಿ ಅವರ ಮೆಣಸಿನ ಖಾರದ ವರ್ಣನೆ. ಆ ಪುಟ ಪೂರ್ತಿ ತೆಗೆದುಬಿಡಿ ಅಂದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.